ಮುಖ ನೋಡಿ ಬಣ್ಣ ಆರಿಸಬೇಡಿ, ಪಾದ ನೋಡಿ: ಆಫೀಸಿಗೆ ನ್ಯೂಡ್ ಪಂಪ್ಸ್

ಪ್ರಶ್ನೆ: ಆಫೀಸಿಗೆ ಹಾಕಿಕೊಳ್ಳಲು ನಾವು ಮೂವರು ಸಹೋದ್ಯೋಗಿಗಳು ಒಂದೊಂದು ಜೊತೆ ನ್ಯೂಡ್ ಪಂಪ್ಸ್, ಅಂದರೆ ಮೈಬಣ್ಣಕ್ಕೆ ಹೊಂದುವ, ಪಾದದ ಮೇಲ್ಭಾಗ ಕಾಣುವಂಥ ಹೀಲ್ ಶೂ, ಕೊಳ್ಳಬೇಕೆಂದಿದ್ದೇವೆ. ಒಬ್ಬಳದು ಹಾಲುಬಿಳುಪು, ನನ್ನದು ಎಣ್ಣೆಗೆಂಪು, ಇನ್ನೊಬ್ಬಳದು ಚೆನ್ನಾಗಿ ಕಪ್ಪು ಬಣ್ಣ. ನ್ಯೂಡ್ ಎಂದು ಬರೆದ ಪೆಟ್ಟಿಗೆ ತೆರೆದರೆ ಒಳಗಿರುವುದು ಯಾವಾಗಲೂ ಅದೇ ಬಿಸ್ಕತ್ ಬಣ್ಣ. ನನ್ನ ಕಾಲಿಗೆ ಹಾಕಿದರೆ ಬ್ಯಾಂಡೇಜ್ ಸುತ್ತಿದ ಹಾಗೆ ಕಾಣುತ್ತದೆ. ಮೂವರ ಬಜೆಟ್ಟೂ ಬೇರೆ ಬೇರೆ, ನನ್ನದೇ ಎಲ್ಲಕ್ಕಿಂತ ಕಡಿಮೆ. ಬಣ್ಣ ಹೇಗೆ ಆರಿಸುವುದು? ಇರುವ ದುಡ್ಡನ್ನು ಯಾವುದಕ್ಕೆ ಹಾಕುವುದು? ದಿನವಿಡೀ ಹಾಕಿಕೊಂಡಿರಲು ಆಗುವಂಥದ್ದು ಬೇಕು.

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಬ್ಯಾಂಡೇಜಿನ ಹಾಗೆ ಕಾಣುವುದಕ್ಕೆ ಕಾರಣ, ಆ ಶೂ ನಿಮ್ಮ ಚರ್ಮಕ್ಕಿಂತ ಬಹಳ ತಿಳಿಯಾಗಿರುವುದು. ಅದರಲ್ಲಿ ಹಳದಿ ಹೆಚ್ಚೋ ಗುಲಾಬಿ ಹೆಚ್ಚೋ ಎಂಬುದು ಆಮೇಲಿನ ಮಾತು. ನ್ಯೂಡ್ ಬಣ್ಣದ ವಿಚಾರ ಬಂದರೆ ಎಲ್ಲರೂ ಅಂಡರ್‌ಟೋನ್, ಅಂದರೆ ಚರ್ಮದೊಳಗಿಂದ ಇಣುಕುವ ಹಳದಿ, ಗುಲಾಬಿ ಛಾಯೆಯ ಹಿಂದೆ ಬೀಳುತ್ತಾರೆ. ನಾನು ಹೇಳುವುದು ಬೇರೆ: ಮೊದಲು ಗಾಢತೆ ಹೊಂದಿಸಿ, ಉಳಿದದ್ದನ್ನು ನಂತರ ನೋಡಿ. ಬಣ್ಣ ಎಷ್ಟು ತಿಳಿ, ಎಷ್ಟು ಕಡು ಎಂಬುದು ಚರ್ಮಕ್ಕೆ ಹೊಂದಿದರೆ ಅಂಡರ್‌ಟೋನ್ ಸ್ವಲ್ಪ ಆಚೀಚೆಯಾದರೂ ನಡೆದುಹೋಗುತ್ತದೆ. ಗಾಢತೆ ತಪ್ಪಿದರೆ ಮಾತ್ರ ಅಂಡರ್‌ಟೋನ್ ಎಷ್ಟೇ ಸರಿಯಿದ್ದರೂ ಶೂವಿನ ಅಂಚು ಪಾದದ ಮೇಲೆ ಎದ್ದು ಕಾಣುತ್ತದೆ. ಕಣ್ಣಿಗೆ ಮೊದಲು ಸಿಗುವುದು ಬೆಳಕು-ಕತ್ತಲಿನ ವ್ಯತ್ಯಾಸ, ಬಣ್ಣದ ಸೂಕ್ಷ್ಮ ಆಮೇಲೆ.

ಇದನ್ನು ಪರೀಕ್ಷಿಸಲು ಒಂದು ಸುಲಭದ ದಾರಿ ಇದೆ. ಶೂ ಹಾಕಿಕೊಂಡು ಕಿಟಕಿಯ ಹತ್ತಿರ ಹಗಲ ಬೆಳಕಿನಲ್ಲಿ ನಿಲ್ಲಿ. ಫ್ಲ್ಯಾಶ್ ಇಲ್ಲದೆ ಪಾದದ ಫೋಟೋ ತೆಗೆಯಿರಿ, ಫೋನಿನಲ್ಲೇ ಅದನ್ನು ಕಪ್ಪು-ಬಿಳುಪು ಮಾಡಿ. ಶೂ ಎಲ್ಲಿ ಮುಗಿಯುತ್ತದೆ, ಚರ್ಮ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಾಗಿ ಬಂದರೆ ಗಾಢತೆ ಸರಿಯಿದೆ ಎಂದರ್ಥ. ಶೂ ಬಿಳಿ ತೇಪೆಯಾಗಿ ಕಂಡರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ, ಎಷ್ಟು ಅಗ್ಗಕ್ಕೆ ಸಿಕ್ಕರೂ ಸರಿ. ನೀವು ಮೂವರೂ ಒಂದೇ ಬಿಸ್ಕತ್ ಬಣ್ಣದ ಶೂವನ್ನು ಸರದಿಯಲ್ಲಿ ಹಾಕಿ ಹೀಗೆ ಫೋಟೋ ತೆಗೆದು ನೋಡಿ, ನಾನು ಹೇಳುತ್ತಿರುವುದು ತಕ್ಷಣ ಗೊತ್ತಾಗುತ್ತದೆ.

ಎರಡು ಬಣ್ಣಗಳ ನಡುವೆ ತೂಗಾಡುತ್ತಿದ್ದರೆ ಕಡುವಾದದ್ದನ್ನೇ ಆರಿಸಿ. ಚರ್ಮಕ್ಕಿಂತ ಒಂದು ಛಾಯೆ ಕಡುವಾದ ಶೂ ಪಾದದ ನೆರಳಿನಲ್ಲಿ ಸೇರಿಹೋಗುತ್ತದೆ, ಒಂದು ಛಾಯೆ ತಿಳಿಯಾದದ್ದು ಮುಂದೆ ಬಂದು ನಿಲ್ಲುತ್ತದೆ. ದಿನಾ ಹಾಕುವ ಶೂವಿನ ಮೇಲೆ ಕೂರುವ ಕೊಳೆ, ಗೀರು, ಮಳೆನೀರಿನ ಕಲೆ ಇವೆಲ್ಲ ತಿಳಿ ಬಣ್ಣದಲ್ಲೇ ಬೇಗ ಕಾಣುವುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೋಲಿಸಬೇಕಾದದ್ದು ಮುಖದ ಬಣ್ಣಕ್ಕೂ ಅಲ್ಲ, ಕೈಯ ಬಣ್ಣಕ್ಕೂ ಅಲ್ಲ. ಫೌಂಡೇಶನ್ ಛಾಯೆಯ ಹೆಸರು ಹೇಳಿ ಅದೇ ಥರದ ಶೂ ಬೇಕು ಎನ್ನುವವರನ್ನು ಬಹಳ ನೋಡಿದ್ದೇನೆ. ಮುಖಕ್ಕೂ ಪಾದಕ್ಕೂ ಬೀಳುವ ಬಿಸಿಲೇ ಬೇರೆ. ಸದಾ ಚಪ್ಪಲಿಯಲ್ಲಿ ಓಡಾಡುವವರ ಪಾದದ ಮೇಲ್ಭಾಗ ಮುಖಕ್ಕಿಂತ ಕಪ್ಪಾಗಿರಬಹುದು, ಪಟ್ಟಿ ಇದ್ದ ಜಾಗ ಮಾತ್ರ ಬಿಳುಪಾಗಿ ಉಳಿದಿರಬಹುದು. ಯಾವಾಗಲೂ ಮುಚ್ಚಿದ ಶೂ ಹಾಕುವವರಲ್ಲಿ ಇದು ತಿರುಗಾಮುರುಗಾ. ಕಪ್ಪು ಮೈಬಣ್ಣದವರಲ್ಲಿ ಬೆರಳ ಗೆಣ್ಣುಗಳು ಇನ್ನೂ ಕಪ್ಪಗೆ, ಅಂಗಾಲಿನ ಅಂಚು ತಿಳಿಯಾಗಿ, ಒಂದೇ ಪಾದದಲ್ಲಿ ಮೂರು ಬಣ್ಣ ಇರುವುದು ಸಹಜ. ಪಂಪ್ಸಿನ ಅಂಚು ಬಂದು ಕೂರುವುದು ಬೆರಳುಗಳ ಬುಡದಿಂದ ಸ್ವಲ್ಪ ಹಿಂದೆ. ಆ ಜಾಗದ ಚರ್ಮಕ್ಕೆ ಹೊಂದಿಸಿದರೆ ಸಾಕು, ಉಳಿದ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಆಫೀಸಿನಲ್ಲಿ ಸ್ಟಾಕಿಂಗ್ಸ್ ಕಡ್ಡಾಯವಾಗಿದ್ದರೆ ಅದನ್ನು ಹಾಕಿಕೊಂಡೇ ಶೂ ನೋಡಿ. ಆಗ ಶೂ ಹೊಂದಬೇಕಾದದ್ದು ಸ್ಟಾಕಿಂಗ್ಸ್ ಬಣ್ಣಕ್ಕೆ. ದಾರದ ದಪ್ಪ ಹೇಳುವ ಡೆನಿಯರ್ ಸಂಖ್ಯೆ 10, 15ರ ಆಸುಪಾಸಿನ ತೆಳು ಸ್ಟಾಕಿಂಗ್ಸಿನಲ್ಲಿ ಚರ್ಮ ಕಾಣುತ್ತದೆ, ಸಂಖ್ಯೆ ಏರಿದಂತೆ ಅದರ ಬಣ್ಣವೇ ಮೇಲುಗೈ ಪಡೆಯುತ್ತದೆ.

ಬಿಸ್ಕತ್ ಬಣ್ಣ ಒಂದನ್ನೇ ನ್ಯೂಡ್ ಎಂದು ಮಾರುವ ರೂಢಿ ಶೂಗೆ ಮಾತ್ರ ಸೀಮಿತವಾಗಿರಲಿಲ್ಲ. ಮಕ್ಕಳ ಕ್ರೇಯಾನ್ ತಯಾರಿಸುವ ಕ್ರಯೋಲಾ ಕಂಪನಿ ತಿಳಿ ಗುಲಾಬಿ ಕಡ್ಡಿಯೊಂದಕ್ಕೆ ಮೈಬಣ್ಣವೆಂಬ ಅರ್ಥದ ಫ್ಲೆಶ್ ಎಂಬ ಹೆಸರಿಟ್ಟಿತ್ತು. 1962ರಲ್ಲಿ ಅದನ್ನು ಪೀಚ್ ಎಂದು ಬದಲಿಸಿತು. ಬ್ಯಾಲೆ ನರ್ತಕಿಯರಲ್ಲಿ ಕಪ್ಪು ಮೈಬಣ್ಣದವರು, ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಗುಲಾಬಿ ಪಾಯಿಂಟ್ ಶೂಗಳಿಗೆ ತಮ್ಮ ಫೌಂಡೇಶನ್ ಮೆತ್ತಿ ಬಣ್ಣ ಕಟ್ಟಿಕೊಳ್ಳುವುದು ಎಷ್ಟೋ ದಶಕಗಳ ಪಾಡು. ಬ್ಯಾಲೆ ಶೂ ತಯಾರಿಸುವ ಫ್ರೀಡ್ ಆಫ್ ಲಂಡನ್ ಕಂಪನಿ ಬ್ರಿಟನ್ನಿನ ಬ್ಯಾಲೆ ಬ್ಲ್ಯಾಕ್ ಎಂಬ ನೃತ್ಯ ತಂಡದ ಜೊತೆ ಸೇರಿ ಕಂದು ಛಾಯೆಯ ಪಾಯಿಂಟ್ ಶೂ ತಂದದ್ದು 2018ರಲ್ಲಿ. ಪಂಪ್ಸ್ ಲೋಕದಲ್ಲಿ ಸದ್ದು ಮಾಡಿದ್ದು ಫ್ರಾನ್ಸಿನ ಶೂ ವಿನ್ಯಾಸಕ ಕ್ರಿಸ್ಟಿಯನ್ ಲೂಬುಟಾನ್ 2013ರಲ್ಲಿ ಐದು ಛಾಯೆಗಳಲ್ಲಿ ನ್ಯೂಡ್ ಸಾಲು ತಂದಾಗ. ಆಮೇಲೆ ಬೇರೆ ಕಂಪನಿಗಳೂ ಆ ದಾರಿಗೆ ಬಂದವು. ಆದರೂ ಕಡಿಮೆ ಬೆಲೆಯ ಕಪಾಟಿಗೆ ಈ ಹರವು ಇನ್ನೂ ಪೂರ್ತಿ ಇಳಿದಿಲ್ಲ. ಅಲ್ಲಿ ಛಾಯೆಗೊಂದು ಸೈಜಿನ ಸಾಲು ಎಂದು ದಾಸ್ತಾನು ಇಡುವುದು ವ್ಯಾಪಾರಿಗೆ ದುಬಾರಿ. ಹಾಗಾಗಿ ಹೆಚ್ಚು ಬಿಕರಿಯಾಗುವ ಒಂದೋ ಎರಡೋ ಬಣ್ಣಕ್ಕೆ ಅವರು ಅಂಟಿಕೊಳ್ಳುತ್ತಾರೆ.

ಆದ್ದರಿಂದ ನಿಮಗೂ ನಿಮ್ಮ ಕಪ್ಪು ಬಣ್ಣದ ಗೆಳತಿಗೂ ನನ್ನ ಮೊದಲ ಸಲಹೆ, ನ್ಯೂಡ್ ಎಂಬ ವಿಭಾಗಕ್ಕೆ ಹೋಗಲೇಬೇಡಿ. ಕಂದು ಬಣ್ಣದ ಶೂಗಳ ವಿಭಾಗಕ್ಕೆ ಹೋಗಿ. ಟ್ಯಾನ್, ಕ್ಯಾರಮೆಲ್, ಕಾನ್ಯಾಕ್, ಚೆಸ್ಟ್‌ನಟ್, ಮೋಕಾ, ಚಾಕೊಲೇಟ್, ಎಸ್ಪ್ರೆಸೊ ಎಂಬ ಹೆಸರುಗಳಲ್ಲಿ ನಿಮ್ಮ ನ್ಯೂಡ್ ಅಲ್ಲಿ ಮೊದಲಿನಿಂದಲೂ ಕೂತಿದೆ, ಅದೂ ಎಲ್ಲ ಬೆಲೆಗಳಲ್ಲಿ. ಹೆಸರನ್ನು ಮಾತ್ರ ನಂಬಬೇಡಿ. ಒಂದು ಕಂಪನಿಯ ಕ್ಯಾರಮೆಲ್ ಇನ್ನೊಂದರ ಟ್ಯಾನ್ ಆಗಿರುತ್ತದೆ, ಇದಕ್ಕೆ ಯಾವ ಅಳತೆಗೋಲೂ ಇಲ್ಲ. ಆನ್‌ಲೈನಿನಲ್ಲಿ ಹುಡುಕುವಾಗ ನ್ಯೂಡ್ ಎಂಬ ಪದದ ಬದಲು ಈ ಹೆಸರುಗಳನ್ನು ಒಂದೊಂದಾಗಿ ಹಾಕಿ ನೋಡಿ, ತೆರೆಯ ಮೇಲೆ ಬರುವ ಶೂಗಳೇ ಬೇರೆಯಾಗುತ್ತವೆ.

ಈಗ ಅಂಡರ್‌ಟೋನ್. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಎಂಬ ಪರೀಕ್ಷೆಯನ್ನು ಓದಿರುತ್ತೀರಿ. ಎಣ್ಣೆಗಪ್ಪು ಚರ್ಮದಲ್ಲಿ ನರ ಕಾಣುವುದೇ ಕಷ್ಟ, ಕಂಡರೂ ಅದು ಹೇಳುವುದು ಕಡಿಮೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬಿಳಿ ಹಾಳೆ. ನೆಲದ ಮೇಲೆ ಬಿಳಿ ಹಾಳೆ ಹಾಸಿ ಒಂದು ಬರಿಗಾಲು, ಪಕ್ಕದಲ್ಲೇ ಶೂ ಇಟ್ಟು ಮೇಲಿನಿಂದ ನೋಡಿ. ಬಿಳಿಯ ಪಕ್ಕ ಬಂದಾಗ ಶೂವಿನಲ್ಲಿ ಅಡಗಿದ್ದ ಬಣ್ಣ ಹೊರಬೀಳುತ್ತದೆ: ಕೆಲವು ಗುಲಾಬಿಗೆ ತಿರುಗುತ್ತವೆ, ಕೆಲವು ಹಳದಿಗೆ, ಕೆಲವು ಬೂದಿಗೆ. ಪಾದವೂ ಹಾಗೆಯೇ ತನ್ನ ಬಣ್ಣ ತೋರಿಸುತ್ತದೆ. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಒಳ್ಳೆಯದು.

ಹಾಲುಬಿಳುಪಿನ ನಿಮ್ಮ ಗೆಳತಿಗೆ ಅಂಗಡಿಯ ಬಿಸ್ಕತ್ ಬಣ್ಣ ತಾನಾಗಿ ಒಪ್ಪುತ್ತದೆ ಎಂದು ನೀವಿಬ್ಬರೂ ಅಂದುಕೊಂಡಿರಬಹುದು. ಅವಳಿಗೂ ಅದು ಅಷ್ಟು ಸಲೀಸಲ್ಲ. ಗುಲಾಬಿ ಛಾಯೆಯ ಬಿಳಿ ಪಾದಕ್ಕೆ ಹಳದಿ ಮಿಶ್ರಿತ ಬೀಜ್ (ತಿಳಿ ಬಿಸ್ಕತ್ ಬಣ್ಣ) ಹಾಕಿದರೆ ಪಾದ ಕೆಂಪಗೆ ಊದಿಕೊಂಡಂತೆ, ಶೂ ಕೊಳೆಯಾದಂತೆ ಕಾಣುತ್ತದೆ. ಅವಳು ತುಸು ಗುಲಾಬಿ ಬೆರೆತ ಬೀಜ್ ಹುಡುಕಲಿ. ಚರ್ಮದಲ್ಲಿ ಹಸಿರು-ಹಳದಿ ಛಾಯೆ ಇರುವ ಆಲಿವ್ ಬಣ್ಣದವರಿಗೆ ಮರಳಿನ ಬಣ್ಣ, ತುಸು ಮಂಕಾದ ಖಾಕಿ ಬೀಜ್ ಒಪ್ಪುತ್ತದೆ, ಗುಲಾಬಿ ಒಪ್ಪುವುದಿಲ್ಲ.

ನಿಮ್ಮ ಎಣ್ಣೆಗೆಂಪು ಬಣ್ಣಕ್ಕೆ ಬೆಚ್ಚಗಿನ ಟ್ಯಾನ್, ಜೇನಿನ ಬಣ್ಣ, ಕೆಂಪು ಹೆಚ್ಚಿರುವ ಕ್ಯಾರಮೆಲ್, ಕಾನ್ಯಾಕ್ ನೋಡಿ. ದೂರ ಇಡಬೇಕಾದದ್ದು ಟೋಪ್ ಎಂದು ಮಾರುವ ಬೂದು-ಕಂದು. ಅದರ ಗಾಢತೆ ನಿಮಗೆ ಹೊಂದಬಹುದು, ಫೋಟೋ ಪರೀಕ್ಷೆಯಲ್ಲಿ ಪಾಸೂ ಆಗಬಹುದು, ಆದರೆ ಬೆಚ್ಚಗಿನ ಚರ್ಮದ ಪಕ್ಕ ಬೂದು ಬಂದರೆ ಪಾದ ಒಣಗಿ ಬೆಳ್ಳಗಾದಂತೆ ಕಾಣುತ್ತದೆ. ಗಾಢತೆ ಹೊಂದಿಯೂ ಸೋಲುವ ಪ್ರಸಂಗ ಇಂಥದ್ದು, ಅದಕ್ಕೇ ಬಿಳಿ ಹಾಳೆ ಬೇಕು.

ಕಪ್ಪು ಬಣ್ಣದ ಗೆಳತಿಗೆ ಆಯ್ಕೆ ಇನ್ನೂ ಸೊಗಸಾಗಿದೆ. ಚರ್ಮದಲ್ಲಿ ಕೆಂಪು ಛಾಯೆ ಇದ್ದರೆ ಮಹಾಗನಿ, ಚೆಸ್ಟ್‌ನಟ್, ಕೆಂಪು ಬೆರೆತ ಚಾಕೊಲೇಟ್. ನೀಲಿಗಪ್ಪು ಇದ್ದರೆ ಎಸ್ಪ್ರೆಸೊ, ಕಪ್ಪಿಗೆ ಹತ್ತಿರದ ಕಡುಕಂದು. ನನಗೆ ವೈಯಕ್ತಿಕವಾಗಿ ಇಷ್ಟವಾಗುವುದು, ಕಡು ಚರ್ಮಕ್ಕೆ ಬಹಳ ಕಡುವಾದ ವೈನ್ ಕೆಂಪು. ಅದು ಹೆಸರಿಗೆ ನ್ಯೂಡ್ ಅಲ್ಲ, ಆದರೆ ಎರಡು ಹೆಜ್ಜೆ ದೂರದಿಂದ ಅದು ಮಾಡುವುದು ನ್ಯೂಡಿನ ಕೆಲಸವನ್ನೇ. ಅಪ್ಪಟ ಕಪ್ಪು ಶೂ ಸಾಲದೇ ಎಂದು ಅವಳು ಕೇಳಬಹುದು. ಸಾಲದು. ಅತಿ ಕಪ್ಪು ಚರ್ಮದಲ್ಲೂ ಕಂದಿನ ಕಾವು ಇರುತ್ತದೆ, ಅಪ್ಪಟ ಕಪ್ಪು ಅದರ ಪಕ್ಕ ಗೆರೆ ಹಾಕಿ ನಿಲ್ಲುತ್ತದೆ.

ನಿಮ್ಮದು ಎಷ್ಟನೇ ಛಾಯೆ ಎಂದು ತಿಳಿಯಲು ಯಾವುದಾದರೂ ಪಟ್ಟಿ ಬೇಕೆನಿಸಿದರೆ ಮಾಂಕ್ ಸ್ಕಿನ್ ಟೋನ್ ಸ್ಕೇಲ್ ನೋಡಿ. 2022ರಲ್ಲಿ ಗೂಗಲ್ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಹತ್ತು ಮೆಟ್ಟಿಲಿನ ಪಟ್ಟಿ ಅದು. ಮೂವರೂ ನಿಮ್ಮ ಪಾದ ಎಷ್ಟನೇ ಮೆಟ್ಟಿಲಿಗೆ ಹತ್ತಿರ ಎಂದು ಗುರುತಿಸಿಕೊಂಡರೆ ಆನ್‌ಲೈನಿನಲ್ಲಿ ಶೂವಿನ ಚಿತ್ರದ ಪಕ್ಕ ಇಟ್ಟು ನೋಡಲು ಒಂದು ಆಧಾರ ಸಿಗುತ್ತದೆ. ಫೋನಿನ ತೆರೆ ಬಣ್ಣವನ್ನು ಬದಲಿಸುತ್ತದೆ, ಹಾಗಾಗಿ ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಜಗಳ ಬೇಡ. ಚರ್ಮವೈದ್ಯರು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿಯ ಹೆಸರನ್ನೂ ಕೆಲವರು ಎತ್ತುತ್ತಾರೆ. ಅದು ಹುಟ್ಟಿದ್ದು ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂದು ಅಳೆಯಲು. ಶೂ ಆರಿಸಲು ಅದರಿಂದ ಏನೂ ಸಿಗದು.

ಅಂಗಡಿಯ ದೀಪದಡಿ ಹೊಂದಿದ ಬಣ್ಣ ಹೊರಗೆ ಬಂದಾಗ ಬೇರೆಯಾಗಿ ಕಂಡದ್ದು ನಿಮಗೂ ಅನುಭವವಿರಬಹುದು. ಚರ್ಮ ಮತ್ತು ಬಣ್ಣ ಹಾಕಿದ ತೊಗಲು ಬೆಳಕನ್ನು ಒಂದೇ ರೀತಿ ಪ್ರತಿಫಲಿಸುವುದಿಲ್ಲ. ಒಂದು ಬೆಳಕಿನಲ್ಲಿ ಜೋಡಿಯಾದದ್ದು ಇನ್ನೊಂದರಲ್ಲಿ ಬೇರ್ಪಡುತ್ತದೆ. ಹಳದಿ ದೀಪವಿರುವ ಅಂಗಡಿಯಲ್ಲಿ ಎಲ್ಲ ಬೀಜ್‌ಗಳೂ ಬೆಚ್ಚಗೆ ಕಾಣುತ್ತವೆ. ಬಾಗಿಲ ಬಳಿ ಹೋಗಿ ನೋಡಲು ಅವಕಾಶ ಕೇಳಿ, ಸಂಕೋಚ ಬೇಡ.

ಮೇಲ್ಮೈ ಹೊಳಪಿನ ವಿಚಾರವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದು ಬಣ್ಣದಷ್ಟೇ ಮುಖ್ಯ. ಪೇಟೆಂಟ್ ಲೆದರಿನ ಕನ್ನಡಿ ಹೊಳಪು ಬೆಳಕನ್ನು ಹಿಡಿದು ಬಿಳಿ ಮಿಂಚು ಮಾಡುತ್ತದೆ, ಬಣ್ಣ ಪಕ್ಕಾ ಹೊಂದಿದ್ದರೂ ಆ ಮಿಂಚು ಇಲ್ಲಿ ಶೂ ಇದೆ ಎಂದು ಸಾರುತ್ತದೆ. ಮೇಲ್ಮೈ ಉಜ್ಜಿ ಮಖಮಲಿನಂತೆ ಮಾಡಿದ ಸ್ವೇಡ್ ಮತ್ತು ನುಬಕ್ ತೊಗಲುಗಳು ಬೆಳಕನ್ನು ಹೀರಿಕೊಂಡು ಬಣ್ಣವನ್ನು ಅರ್ಧ ಛಾಯೆ ಕಡುವಾಗಿ ತೋರಿಸುತ್ತವೆ, ಸಣ್ಣಪುಟ್ಟ ಹೊಂದಾಣಿಕೆಯ ಕೊರತೆಯನ್ನು ಮುಚ್ಚಿಡುತ್ತವೆ. ಅವಕ್ಕೆ ಮಳೆ ಆಗದು. ನಡುವಿನ ದಾರಿ ತುಸುವೇ ಹೊಳೆಯುವ ನುಣುಪು ತೊಗಲು. ಮನುಷ್ಯರ ಚರ್ಮಕ್ಕೂ ಅಷ್ಟೇ ಹೊಳಪು ಇರುವುದರಿಂದ ಆಫೀಸಿಗೆ ನನ್ನ ಮತ ಅದಕ್ಕೇ. ತಿಳಿ ಬಣ್ಣದ ಪೇಟೆಂಟಿಗೆ ಇನ್ನೊಂದು ಕಾಯಿಲೆ ಇದೆ: ಕಡು ಜೀನ್ಸ್, ಮುದ್ರಣದ ಶಾಯಿ, ಪಕ್ಕದಲ್ಲಿಟ್ಟ ಕಪ್ಪು ಶೂ, ಇವುಗಳ ಬಣ್ಣ ಅದರ ಮೇಲ್ಪದರಕ್ಕೆ ಇಳಿದುಬಿಡುತ್ತದೆ. ಒಮ್ಮೆ ಇಳಿದರೆ ತೆಗೆಯುವುದು ಬಹುತೇಕ ಅಸಾಧ್ಯ. ಕಪಾಟಿನಲ್ಲಿ ಬಟ್ಟೆಯ ಚೀಲದೊಳಗೆ ಒಂಟಿಯಾಗಿ ಇಡುವ ತಾಳ್ಮೆ ಇರುವವರು ಮಾತ್ರ ಕೊಳ್ಳಲಿ.

ಇನ್ನು ಆಕಾರ. ನ್ಯೂಡ್ ಶೂ ಹಾಕಿದರೆ ಕಾಲು ಉದ್ದ ಕಾಣುತ್ತದೆ ಎನ್ನುವುದು ಹಳೆಯ ಉಪಾಯ. 1957ರಲ್ಲಿ ಫ್ರಾನ್ಸಿನ ಫ್ಯಾಷನ್ ಸಂಸ್ಥೆ ಶನೆಲ್ ತಂದ ಎರಡು ಬಣ್ಣದ ಶೂವಿನ ಲೆಕ್ಕಾಚಾರವೂ ಅದೇ: ಬೀಜ್ ಭಾಗ ಕಾಲನ್ನು ಉದ್ದ ಮಾಡಿ, ಕಪ್ಪು ಮೂತಿ ಪಾದವನ್ನು ಗಿಡ್ಡ ಮಾಡಿ ತೋರಿಸಬೇಕು. ಈ ಉಪಾಯ ಫಲಿಸಬೇಕಾದರೆ ಚರ್ಮದಿಂದ ಶೂಗೆ ಕಣ್ಣು ತಡೆಯಿಲ್ಲದೆ ಹರಿಯಬೇಕು. ಮುಂಭಾಗ ತಗ್ಗಾಗಿ ಕತ್ತರಿಸಿದ್ದರೆ ಪಾದ ಹೆಚ್ಚು ಕಾಣುತ್ತದೆ, ಹರಿವು ಸಲೀಸು. ಕಣಕಾಲಿಗೆ ಪಟ್ಟಿ ಕಟ್ಟಿದರೆ ಅಲ್ಲಿಗೇ ಕಡಿದುಹೋಗುತ್ತದೆ. ಆದರೆ ಶೂ ಕಳಚಿಹೋಗುವ ಸಪೂರ ಹಿಮ್ಮಡಿಯವರಿಗೆ ಪಟ್ಟಿಯೇ ಆಧಾರ. ಅವರು ಉದ್ದದ ಆಸೆ ಬಿಟ್ಟು ಪಟ್ಟಿಯನ್ನೇ ಆರಿಸಲಿ. ಚೂಪು ಮೂತಿ ಉದ್ದ ಕೊಡುತ್ತದೆ, ದುಂಡು ಮೂತಿ ಬೆರಳಿಗೆ ಜಾಗ ಕೊಡುತ್ತದೆ, ಬಾದಾಮಿ ಆಕಾರದ ಮೂತಿ ಎರಡರ ನಡುವೆ. ಅಗ್ಗದ ಶೂಗಳಲ್ಲಿ ಬಣ್ಣ ಸರಿಯಿದ್ದೂ ಕಣ್ಣಿಗೆ ಕುಕ್ಕುವುದು ಚಿಕ್ಕ ಸಂಗತಿಗಳು: ಬೇರೆ ಬಣ್ಣದ ಅಂಚುಪಟ್ಟಿ, ಕಪ್ಪು ಅಟ್ಟೆಯ ಬದಿ, ಮೇಲ್ಭಾಗಕ್ಕೆ ಹೊಂದದ ಹೀಲ್, ಹೊಳೆಯುವ ಬಕಲ್. ಇವು ಪ್ರತಿಯೊಂದೂ ಪಾದದ ಸುತ್ತ ಗೆರೆ ಎಳೆಯುತ್ತವೆ. ಮೇಲ್ಭಾಗ, ಅಂಚು, ಹೀಲ್ ಮೂರೂ ಒಂದೇ ಬಣ್ಣ ಇರುವ ಸಾದಾ ಶೂ ಎಷ್ಟು ಅಗ್ಗವಾದರೂ ಒಂದು ಹಂತ ಮೇಲಿನದಾಗಿ ಕಾಣುತ್ತದೆ.

ದಿನವಿಡೀ ಹಾಕಿಕೊಳ್ಳುವ ಮಾತಿಗೆ ಬರೋಣ, ಏಕೆಂದರೆ ಎಷ್ಟೇ ಒಪ್ಪುವ ಬಣ್ಣವಾದರೂ ಮಧ್ಯಾಹ್ನಕ್ಕೆ ಮೇಜಿನಡಿ ಕಳಚಿಟ್ಟರೆ ಕೊಂಡು ಏನು ಬಂತು. ಹೀಲ್ ಏರಿದಷ್ಟೂ ದೇಹದ ಭಾರ ಹಿಮ್ಮಡಿಯಿಂದ ಜಾರಿ ಬೆರಳುಗಳ ಬುಡಕ್ಕೆ ಬೀಳುತ್ತದೆ, ಪಾದ ಮುಂದಕ್ಕೆ ಜಾರಿ ಬೆರಳು ಮೂತಿಗೆ ಒತ್ತುತ್ತವೆ. ಆಣಿ, ಬೊಕ್ಕೆ, ಹೆಬ್ಬೆರಳ ಗೆಣ್ಣಿನ ನೋವು, ಎಲ್ಲಕ್ಕೂ ಇಲ್ಲೇ ಬೇರು. ದಿನಕ್ಕೆ ಎಂಟು ಗಂಟೆ ಹಾಕುವವರಿಗೆ ಐದು ಸೆಂಟಿಮೀಟರ್ ಒಳಗಿನ ಹೀಲ್, ಅದೂ ಅಗಲವಾದ ಬ್ಲಾಕ್ ಹೀಲ್ ಎಂಬುದು ನನ್ನ ಮಿತಿ. ಏಳು ಸೆಂಟಿಮೀಟರ್ ದಾಟಿದ್ದು ಕೂತು ಮಾಡುವ ಮೀಟಿಂಗಿಗೆ ಸಾಕು, ಮೆಟ್ಟಿಲು ಹತ್ತಿಳಿಯಲು ಬೇಡ.

ಶೂ ಕೊಳ್ಳಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ತುಸು ಊದಿಕೊಂಡಿರುತ್ತದೆ. ಎರಡು ಪಾದದ ಅಳತೆ ಒಂದೇ ಇರುವವರು ಕಡಿಮೆ, ದೊಡ್ಡದಕ್ಕೆ ಹೊಂದುವ ಸೈಜ್ ಆರಿಸಿ. ಸೈಜ್ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಯುರೋಪಿನ ಪದ್ಧತಿಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ 6.67 ಮಿಲಿಮೀಟರ್ ಅಂತರ, ಬ್ರಿಟನ್ನಿನದರಲ್ಲಿ 8.47 ಮಿಲಿಮೀಟರ್. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದ ಸಂಖ್ಯೆ ಯಾವಾಗಲೂ ಅಂದಾಜೇ. ಚೂಪು ಮೂತಿಯ ಶೂವಿನಲ್ಲಿ ತುದಿಯ ಖಾಲಿ ಜಾಗವನ್ನು ಲೆಕ್ಕಕ್ಕೆ ತರಬೇಡಿ, ಬೆರಳು ಅಲ್ಲಿಗೆ ಹೋಗುವುದೇ ಇಲ್ಲ. ನೋಡಬೇಕಾದದ್ದು ಬೆರಳ ಬುಡದ ಅಗಲ. ಅಲ್ಲಿ ಬಿಗಿಯಿದ್ದರೆ ಹಾಕ್ತಾ ಹಾಕ್ತಾ ಸಡಿಲವಾಗುತ್ತೆ ಎನ್ನುವ ಮಾರಾಟಗಾರರ ಮಾತು ತೊಗಲಿಗೆ ಅರ್ಧ ನಿಜ, ರೆಕ್ಸಿನ್ ಥರದ ಕೃತಕ ವಸ್ತುವಿಗೆ ಪೂರ್ತಿ ಸುಳ್ಳು.

ಬೆಲೆ ಎಷ್ಟೇ ಇರಲಿ, ಎರಡು ಪರೀಕ್ಷೆ ಮಾಡದೆ ಕೊಳ್ಳಬೇಡಿ. ಮೊದಲನೆಯದು, ಶೂವನ್ನು ಮೂತಿ ಮತ್ತು ಹಿಮ್ಮಡಿ ಹಿಡಿದು ಬಾಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಮಾತ್ರ ಅದು ಬಾಗಬೇಕು. ನಡುವಿನ ಕಮಾನು ಬಾಗಿದರೆ ಒಳಗಿನ ಶ್ಯಾಂಕ್ ಎಂಬ ಆಧಾರಪಟ್ಟಿ ದುರ್ಬಲ ಎಂದರ್ಥ, ಸಂಜೆಗೆ ನಿಮ್ಮ ಮೀನಖಂಡ ಅದನ್ನು ಹೇಳುತ್ತದೆ. ಎರಡನೆಯದು, ಸಮತಟ್ಟಾದ ಮೇಜಿನ ಮೇಲಿಟ್ಟು ಹಿಮ್ಮಡಿಯ ಜಾಗವನ್ನು ಬೆರಳಿನಿಂದ ಒತ್ತಿ ಅಲ್ಲಾಡಿಸಿ. ಹೀಲ್ ಓಲಾಡಿದರೆ ವಾಪಸ್ ಇಡಿ.

ದುಡ್ಡಿನ ಲೆಕ್ಕದಲ್ಲಿ ನನ್ನ ಆದ್ಯತೆ ಹೀಗೆ: ಮೊದಲು ಅಳತೆ, ಆಮೇಲೆ ಒಳಪದರ, ಆಮೇಲೆ ಮೇಲ್ಭಾಗದ ತೊಗಲು, ಕೊನೆಗೆ ಹೆಸರು. ಎಲ್ಲರೂ ಮೇಲ್ಭಾಗ ನೋಡಿ ಬೆಲೆ ಕಟ್ಟುತ್ತಾರೆ, ಪಾದಕ್ಕೆ ತಾಗುವುದು ಒಳಪದರ. ಅದು ತೊಗಲಿನದಾಗಿದ್ದರೆ ಬೆವರು ಹೀರಿಕೊಳ್ಳುತ್ತದೆ, ಪಾದ ಜಾರುವುದಿಲ್ಲ. ಪ್ಲಾಸ್ಟಿಕ್ ಒಳಪದರದಲ್ಲಿ ಬೆವರು ನಿಂತು ಪಾದ ಜಾರಿ ಗುಳ್ಳೆ ಏಳುತ್ತದೆ.

ನಿಮ್ಮ ಕಡಿಮೆ ಬಜೆಟ್ಟಿನಲ್ಲಿ ಮೇಲ್ಭಾಗ ಕೃತಕವಾಗಿರಲಿ ಪರವಾಗಿಲ್ಲ, ಒಳಪದರ ತೊಗಲಿನದೋ ಬಟ್ಟೆಯದೋ ಇರುವುದನ್ನು ಹುಡುಕಿ. ಮಂದ ಹೊಳಪು, ಸಾದಾ ಆಕಾರ, ತಗ್ಗಿನ ಬ್ಲಾಕ್ ಹೀಲ್. ತೆಳು ಹೀಲ್ ಮಾಡುವುದಕ್ಕೆ ಒಳ್ಳೆಯ ಎಂಜಿನಿಯರಿಂಗ್ ಬೇಕು, ಅಗ್ಗದ ಶೂವಿನಲ್ಲಿ ಮೊದಲು ಕೈಕೊಡುವುದು ಅದೇ. ಡಿಸ್ಕೌಂಟ್ ಇದೆಯೆಂದು ಮೂರು ಜೊತೆ ಕೊಂಡು ಕಪಾಟಿನಲ್ಲಿ ಕೂಡಿಡಬೇಡಿ. ಕೃತಕ ತೊಗಲಿನ ಮೇಲಿರುವ ಪಾಲಿಯುರೆಥೇನ್ ಲೇಪ ಗಾಳಿಯ ತೇವಕ್ಕೇ ಕ್ರಮೇಣ ಒಡೆಯುತ್ತದೆ. ಹಾಕದೆ ಇಟ್ಟ ಶೂ ಕೆಲವು ವರ್ಷಗಳ ನಂತರ ಪೆಟ್ಟಿಗೆಯಲ್ಲೇ ಸಿಪ್ಪೆ ಏಳುವುದುಂಟು. ಉಳಿದ ಪುಡಿಗಾಸನ್ನು ರಿಪೇರಿಯವರಿಗೆ ಕೊಟ್ಟು ಮುಂಭಾಗಕ್ಕೆ ತೆಳು ರಬ್ಬರ್ ಅಟ್ಟೆ ಹಾಕಿಸಿ. ಜಾರುವುದು ನಿಲ್ಲುತ್ತದೆ, ಆಯಸ್ಸೂ ಹೆಚ್ಚುತ್ತದೆ.

ನಡುವಿನ ಬಜೆಟ್ಟಿನವರಿಗೆ ಮೇಲ್ಭಾಗ, ಒಳಪದರ ಎರಡೂ ತೊಗಲು, ಅಟ್ಟೆ ಕೃತಕ, ಈ ಜೋಡಣೆ ಹುಡುಕಲು ಹೇಳಿ. ದಿನಬಳಕೆಗೆ ಇದಕ್ಕಿಂತ ಲಾಭದ್ದು ಇಲ್ಲ ಎಂಬುದು ನನ್ನ ಅಭಿಪ್ರಾಯ. ತೊಗಲನ್ನು ಹಿಗ್ಗಿಸಬಹುದು, ಬಣ್ಣದ ಕ್ರೀಮ್ ಹಚ್ಚಿ ಗೀರು ಮುಚ್ಚಬಹುದು, ಹೀಲ್ ತುದಿಯ ರಬ್ಬರನ್ನು ಎಷ್ಟು ಸಲವಾದರೂ ಬದಲಿಸಬಹುದು. ದೊಡ್ಡ ಬಜೆಟ್ಟಿನವರಿಗೆ ಸಿಗುವ ನಿಜವಾದ ಲಾಭ ಎರಡು: ಚೆನ್ನಾಗಿ ಕಡೆದ ಅಚ್ಚಿನಿಂದ ಬರುವ ಹೊಂದಿಕೆ, ಮತ್ತು ಛಾಯೆಗಳ ಹರವು. ಒಂದು ಮಟ್ಟ ದಾಟಿದ ಮೇಲೆ ಕೊಡುವ ದುಡ್ಡು ಹೆಸರಿಗೆ ಹೋಗುತ್ತದೆ, ಗಟ್ಟಿತನಕ್ಕಲ್ಲ. ದುಬಾರಿ ಶೂಗಳ ತೆಳು ತೊಗಲಿನ ಅಟ್ಟೆ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಅದಕ್ಕೂ ಮೊದಲ ದಿನವೇ ರಬ್ಬರ್ ಬೇಕು. ಲೂಬುಟಾನ್ ಹೆಸರಿನ ಕೆಂಪು ಅಟ್ಟೆಯ ಶೂ ಕೊಂಡವರು ಕೆಂಪು ಮುಚ್ಚಿಹೋಗುತ್ತದೆಂದು ರಬ್ಬರ್ ಹಾಕಿಸದೆ ತಿರುಗುತ್ತಾರೆ, ಕೆಂಪು ಹೇಗೂ ಸವೆದು ಹೋಗುತ್ತದೆ.

ಬಣ್ಣ ಸಿಗದೇ ಹೋದರೆ ಬಣ್ಣ ಹಾಕಿಸುವ ದಾರಿ ಇದೆ, ಇದು ಮುಖ್ಯವಾಗಿ ನಿಮಗೂ ಕಪ್ಪು ಬಣ್ಣದ ಗೆಳತಿಗೂ. ತಿಳಿ ಬಣ್ಣದ ಶೂವನ್ನು ಕಡು ಮಾಡಬಹುದು, ಕಡುವಾದದ್ದನ್ನು ತಿಳಿ ಮಾಡುವುದು ಕಷ್ಟ. ಹಾಗಾಗಿ ಅಳತೆ ಚೆನ್ನಾಗಿ ಕೂತ ಬಿಸ್ಕತ್ ಬಣ್ಣದ ತೊಗಲಿನ ಶೂ ಅಗ್ಗಕ್ಕೆ ಸಿಕ್ಕರೆ ಅದನ್ನೇ ಕೊಂಡು ನಿಮ್ಮ ಪಾದದ ಬಣ್ಣಕ್ಕೆ ತರಬಹುದು. ಮೇಲ್ಲೇಪ ಇಲ್ಲದ ತೊಗಲು ಮತ್ತು ಸ್ವೇಡ್ ದ್ರವದ ಡೈಯನ್ನು ಒಳಗೆ ಎಳೆದುಕೊಳ್ಳುತ್ತವೆ. ಸ್ವೇಡಿಗೆ ಅದಕ್ಕೆಂದೇ ಇರುವ ಡೈ ಬಳಸಿ, ಇಲ್ಲದಿದ್ದರೆ ನಯ ಹೋಗಿ ಗಡುಸಾಗುತ್ತದೆ. ಲೇಪವಿರುವ ನುಣುಪು ತೊಗಲಾದರೆ ಮೊದಲು ಅಸಿಟೋನ್ ಅಥವಾ ಡೀಗ್ಲೇಜರ್ ಒರೆಸಿ ಲೇಪ ತೆಗೆಯಬೇಕು, ಆಮೇಲೆ ತೊಗಲಿಗೆಂದೇ ಮಾಡಿದ ಅಕ್ರಿಲಿಕ್ ಬಣ್ಣವನ್ನು ಬಹಳ ತೆಳುವಾಗಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಬೇಕು. ದಪ್ಪ ಹಚ್ಚಿದರೆ ಬೆರಳ ಬುಡದ ಮಡಿಕೆಯಲ್ಲಿ ಬಿರುಕು ಗ್ಯಾರಂಟಿ. ಮೊದಲು ಕಮಾನಿನ ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ಒಂದು ಚುಕ್ಕೆ ಹಚ್ಚಿ ಒಣಗಿದ ಮೇಲೆ ನೋಡಿ; ಹಸಿಯಿದ್ದಾಗ ಕಂಡ ಬಣ್ಣ ಬೇರೆ, ಒಣಗಿದಾಗಿನದು ಬೇರೆ. ಎರಡು ಶೂಗಳಿಗೂ ಒಟ್ಟಿಗೆ ಸಾಕಾಗುವಷ್ಟು ಬಣ್ಣವನ್ನು ಒಂದೇ ಸಲ ಬೆರೆಸಿಕೊಳ್ಳಿ, ಎರಡನೇ ಸಲ ಅದೇ ಛಾಯೆ ಬರುವುದಿಲ್ಲ. ಪೇಟೆಂಟ್ ಮತ್ತು ರೆಕ್ಸಿನ್‌ಗಳ ತಂಟೆಗೆ ಹೋಗಬೇಡಿ, ಡೈ ಅವುಗಳ ಮೇಲೆ ನಿಲ್ಲುವುದಿಲ್ಲ.

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ಕೊಡುವ ನಿಯಮವನ್ನು ಮೊದಲು ಓದಿ. ಕಂಪನಿಯ ಚಿತ್ರಕ್ಕಿಂತ, ಕೊಂಡವರು ತಮ್ಮ ಕಾಲಿಗೆ ಹಾಕಿ ತೆಗೆದ ಫೋಟೋ ನಂಬಿಕೆಗೆ ಅರ್ಹ. ಅದರಲ್ಲೂ ನಿಮ್ಮಂಥದೇ ಮೈಬಣ್ಣದವರ ಫೋಟೋ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಪಕ್ಕಪಕ್ಕದ ಎರಡು ಛಾಯೆ ತರಿಸಿ, ಹೊಂದುವುದನ್ನು ಇಟ್ಟುಕೊಂಡು ಇನ್ನೊಂದನ್ನು ಕಳಿಸುವುದು ಒಳ್ಳೆಯದು. ಮನೆಯೊಳಗೆ ಜಮಖಾನೆಯ ಮೇಲೆ ಅರ್ಧ ಗಂಟೆ ಓಡಾಡಿ, ಅಟ್ಟೆಗೆ ಗೀರು ಬೀಳದಂತೆ. ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೇಲೆದ್ದರೆ ಅರ್ಧ ಸೈಜ್ ಕಡಿಮೆ ತರಿಸಿ ನೋಡಿ. ಆಗ ಬೆರಳಿಗೆ ಬಿಗಿಯಾದರೆ ಆ ಅಚ್ಚು ನಿಮ್ಮದಲ್ಲ. ಹಿಮ್ಮಡಿಗೆ ಅಂಟಿಸುವ ಪ್ಯಾಡ್ ಸಣ್ಣ ಸಡಿಲಕ್ಕೆ ಆದೀತು, ಇಡೀ ಸೈಜ್ ದೊಡ್ಡದಾದ ಶೂವನ್ನು ಅದು ಉಳಿಸಲಾರದು.

ಹೀಲ್ ತುದಿಯ ರಬ್ಬರ್ ಸವೆದು ಮೊಳೆ ನೆಲಕ್ಕೆ ತಾಗಿ ಟಕ್ ಟಕ್ ಎನ್ನುವ ಮೊದಲೇ ಬದಲಿಸಿ. ತಡವಾದರೆ ಹೀಲಿನ ಮೇಲೆ ಸುತ್ತಿದ ತೊಗಲು ಹರಿಯುತ್ತದೆ, ಅದಕ್ಕೆ ಅದೇ ಬಣ್ಣದ ತೊಗಲು ಹುಡುಕಿ ತರುವುದು ರಿಪೇರಿಯವರಿಗೂ ಕಷ್ಟ.